ಬೆಲ್ಟ್ ಬಿದ್ದ ಹಾಡಿನ ಕುರಿತು ಅಣ್ಣಿಗೇರಿಯಿಂದ ಒಂದು ಅರಿಕೆ

ಅಣ್ಣಿಗೇರಿ, ತಾ. ನವಲಗುಂದ, ಜಿ. ಧಾರವಾಡ
೧೪ ಎಪ್ರಿಲ್ ೧೯೮೭

‘ಥಂಡರ್ ಫೌಂಡ್ರಿ’ ಎಂಬ ಲೋಹಸಂಗೀತ (ಹೆವಿ ಮೆಟಲ್) ಮಂಡಳಿಯ ಮುಖ್ಯ ಗಾಯಕರು, ಗಿಟಾರು ಬಾರಿಸುವ ಇಬ್ಬರು ಮಹನೀಯರು, ಡ್ರಮ್ಮು ಬಡಿಯುವ ಮಹಾನುಭಾವರು ಮತ್ತು ಈ ವರ್ಷ ಹೊಸದಾಗಿ ಸೇರಿಕೊಂಡಿರುವ ಪಿಯಾನೋದವರ ಸನ್ನಿಧಿಗೆ,

ಮಾನ್ಯರೇ,

ಅಣ್ಣಿಗೇರಿಯ ಹತ್ತಿ ಜಿನ್ನಿನ ಗೇಟಿನೆದುರು ಸೇರುವ ತಮ್ಮ ಅಭಿಮಾನಿ ಬಳಗದ ಪರವಾಗಿ, ಅದರ ಕಾರ್ಯದರ್ಶಿಯೂ ಜಿನ್ನಿನ ಟೈಮ್‌ಕೀಪರನೂ ಆದ ಮಡಿವಾಳೆಪ್ಪನ ಅನಂತ ನಮಸ್ಕಾರಗಳನ್ನು ಸ್ವೀಕರಿಸಬೇಕು. ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಗಂಟಲು, ತಮ್ಮ ಡ್ರಮ್ಮಿನ ಚರ್ಮ ಮತ್ತು ತಮ್ಮ ಉದ್ದನೆಯ ಕೂದಲು ಕ್ಷೇಮವಾಗಿವೆಯೇ ಎಂದು ತಿಳಿಯಲು ಕಾತರರಾಗಿದ್ದೇವೆ, ಯಾಕೆಂದರೆ ತಮ್ಮ ಹೊಸ ಕ್ಯಾಸೆಟ್ಟು ಕೇಳಿದಂದಿನಿಂದ ಈ ಮೂರರಲ್ಲಿ ಮೊದಲಿನ ಎರಡಕ್ಕಾದರೂ ಏನೋ ಆಗಿರಬೇಕೆಂಬ ಆತಂಕ ನಮ್ಮನ್ನು ಬಿಟ್ಟಿಲ್ಲ.

ತಮಗೆ ನಮ್ಮ ಪರಿಚಯವಿಲ್ಲ. ನಮ್ಮ ಜಿನ್ನಿನಲ್ಲಿ ಮೂವತ್ತಾರು ಯಂತ್ರಗಳಿವೆ; ಹತ್ತಿಯಿಂದ ಕಾಳನ್ನು ಬಿಡಿಸಿ ಅರಳೆ ತೆಗೆಯುವುದು ಅವುಗಳ ಕೆಲಸ. ಮೂವತ್ತಾರೂ ಒಟ್ಟಿಗೆ ತಿರುಗತೊಡಗಿದರೆ ಒಳಗೆ ನಿಂತವರಿಗೆ ತಮ್ಮ ಕೆಮ್ಮು ತಮಗೇ ಕೇಳಿಸುವುದಿಲ್ಲ. ಯಂತ್ರಗಳಿಗೆ ಹತ್ತಿ ಉಣಿಸುವವರು ಹೆಣ್ಣುಮಕ್ಕಳು. ಹತ್ತು ಹನ್ನೆರಡು ಹಂಗಾಮು ಉಣಿಸುವಷ್ಟರಲ್ಲಿ ಅವರ ಕಿವಿ ಒಂದೊಂದಾಗಿ ಮುಚ್ಚಿಕೊಳ್ಳುತ್ತದೆ. ಹೀಗಾಗಿ ಒಳಗೆ ಮಾತೆಲ್ಲ ಕೈಸನ್ನೆಯಲ್ಲಿಯೇ ನಡೆಯುತ್ತದೆ. ಅವುಗಳಲ್ಲಿ ಎರಡು ಸನ್ನೆಗಳನ್ನು ತಾವು ತಿಳಿದಿರುವುದು ಈ ಪತ್ರದ ಮಟ್ಟಿಗೆ ಅಗತ್ಯ. ಅಂಗೈಯನ್ನು ಎದೆಗೆ ಒತ್ತಿ ಹಿಡಿದರೆ ಬೆಲ್ಟ್ ಕೂತಿದೆ, ಯಂತ್ರ ಪೂರ್ತಿ ಓಟದಲ್ಲಿದೆ ಎಂದರ್ಥ. ಅದೇ ಕೈಯನ್ನು ಒಣಗಿದ ಎಲೆಯಂತೆ ಕೆಳಗೆ ಬಿಟ್ಟರೆ ಬೆಲ್ಟ್ ಬಿದ್ದಿದೆ, ಯಂತ್ರ ನಿಂತಿದೆ ಎಂದರ್ಥ.

ತಮ್ಮ ಮೊದಲ ಕ್ಯಾಸೆಟ್ಟು ನಮಗೆ ದೊರೆತದ್ದು ೧೯೮೪ರ ಮಾರ್ಚಿನಲ್ಲಿ. ತಮ್ಮ ದೇಶದ ಪ್ರವಾಸಿಯೊಬ್ಬರು, ಸೊಂಟದವರೆಗೆ ಕೂದಲು ಬಿಟ್ಟವರು, ಗೋವೆಯಿಂದ ಹಂಪಿಗೆ ಹೊರಟಿದ್ದರು. ಚಹಾ ಕುಡಿಯಲೆಂದು ನಮ್ಮ ಸ್ಟೇಶನ್ನಿನಲ್ಲಿ ಇಳಿದರು. ಅವರು ಎರಡನೆಯ ಬಸಿ ಊದಿ ಕುಡಿಯುವಷ್ಟರಲ್ಲಿ ಗಾಡಿ ಹೋಗಿತ್ತು. ಮುಂದಿನ ಗಾಡಿ ಬರುವವರೆಗೆ ಅವರು ಜಿನ್ನಿನ ಎದುರಿನ ಅಬ್ದುಲಮಜೀದರ ಚಹಾದಂಗಡಿಯಲ್ಲಿ ಕೂತರು. ಅಲ್ಲಿ ಟೇಪ್‌ರೆಕಾರ್ಡರಿನಲ್ಲಿ ನಮ್ಮ ತಿರಕಪ್ಪನವರ ಭಜನೆ ನಡೆದಿತ್ತು. ತಿರಕಪ್ಪನವರು ಹಗಲಿಗೆ ಹತ್ತಿ ಅಂಡಿಗೆ ಹೊರುವವರು, ಸಂಜೆಗೆ ತಂಬೂರಿ ಹಿಡಿಯುವವರು. ಅವರ ದನಿ ಎಷ್ಟು ಸಣ್ಣದೆಂದರೆ ಅವರು ಹಾಡುವಾಗ ತಂಬೂರಿಯೇ ಸ್ವಲ್ಪ ತಗ್ಗಬೇಕಾಗುತ್ತದೆ. ತಮ್ಮವರು ಅದನ್ನು ಕೇಳಿ ಕಣ್ಣೀರು ಹಾಕಿದರು. ಆ ಕ್ಯಾಸೆಟ್ಟು ತಮಗೆ ಬೇಕೆಂದು ಎದೆ ಮುಟ್ಟಿಕೊಂಡು ಕೇಳಿದರು, ಬದಲಿಗೆ ಚೀಲದಿಂದ ತಮ್ಮ ಮಂಡಳಿಯ ಈ ಕ್ಯಾಸೆಟ್ಟು ತೆಗೆದುಕೊಟ್ಟರು. ಅಬ್ದುಲಮಜೀದರು ಒಪ್ಪಿದರು. ಈ ಅದಲುಬದಲನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು.

ತಮ್ಮ ಮೊದಲ ಹಾಡು ಅಣ್ಣಿಗೇರಿಯಲ್ಲಿ ಮೊಳಗಿದಾಗ ನಮ್ಮ ಬಸವಣ್ಣೆಪ್ಪ ಮೇಸ್ತ್ರಿಗಳು ಚಹಾದ ಕಪ್ಪು ಚೆಲ್ಲಿ, “ಲೇ, ಬೇರಿಂಗ್ ಹೋತಲೇ! ಎಂಜಿನ್ ಬಂದ್ ಮಾಡ್ರಿ!” ಎಂದು ಕೂಗುತ್ತ ಜಿನ್ನಿನೊಳಗೆ ಓಡಿದರು ಎಂಬುದನ್ನು ಇಲ್ಲಿ ಹೆಮ್ಮೆಯಿಂದ ದಾಖಲಿಸುತ್ತೇನೆ. ಮೂವತ್ತು ವರ್ಷ ಯಂತ್ರಗಳ ನಾಡಿ ಹಿಡಿದವರು ಅವರು. ಅವರ ಬಾಯಿಂದ ಇಂಥ ಪ್ರಶಂಸೆ ಬೇರೆ ಯಾವ ಗಾಯಕರಿಗೂ ದೊರೆತಿಲ್ಲ.

ಆದರೆ ಆ ದಿನದ ಸಂಗತಿ ಅದಲ್ಲ. ತಿರಕಪ್ಪನವರ ಹೆಂಡತಿ ಸಾವಂತ್ರೆವ್ವ ಜಿನ್ನಿಗೆ ಇಪ್ಪತ್ತೆರಡು ಹಂಗಾಮು ಹತ್ತಿ ಉಣಿಸಿದವರು. ಹತ್ತು ವರ್ಷಗಳಿಂದ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಗಂಡನ ಭಜನೆಯನ್ನು ಅವರು ತುಟಿ ನೋಡಿಯೇ ಮುಗಿಸುತ್ತಿದ್ದರು. ಅಂದು ಚಹಾಕ್ಕೆಂದು ಬಂದು ಟೇಪ್‌ರೆಕಾರ್ಡರಿನ ಪೆಟ್ಟಿಗೆಯ ಮೇಲೆ ಕೈಯೂರಿದವರು ಹಾಗೆಯೇ ನಿಂತರು. ಕಿವಿಯನ್ನು ಪೆಟ್ಟಿಗೆಗೆ ತಗುಲಿಸಿದರು. ಅಂಗೈ ತಾನಾಗಿ ಎದೆಗೆ ಹೋಯಿತು. ಆಮೇಲೆ ಕಿವುಡರ ಆ ದೊಡ್ಡ ದನಿಯಲ್ಲಿ, “ಒಬ್ಬಾಂವ ಒದರಾಕತ್ತಾನಲ್ರಿ! ಏನ ಕಳ್ಕೊಂಡಾನಂವಾ?” ಎಂದರು.

ಮಾನ್ಯ ಮುಖ್ಯ ಗಾಯಕರೇ, ಆ ಒದರುತ್ತಿದ್ದವರು ತಾವು.

ತಾವು ಕಳೆದುಕೊಂಡದ್ದು ಏನೆಂದು ತಿಳಿಯಲು ನಾನು ನಿಘಂಟು ಹಿಡಿದು ನಾಲ್ಕು ಸಂಜೆ ಕೂತೆ. ಹಾಡು ಪ್ರಪಂಚದ ಅಂತ್ಯದ ಕುರಿತಾಗಿದೆ ಎಂದು ಕೊನೆಗೆ ಸನ್ನೆಯಲ್ಲಿ ತಿಳಿಸಿದಾಗ ಸಾವಂತ್ರೆವ್ವ, “ಹಂಗಾರ ಒದರ್ಲಿ ಬಿಡ್ರಿ, ಪಾಪ” ಎಂದು ತಮಗೆ ಅನುಮತಿಯನ್ನೂ ಕೊಟ್ಟರು. ತಿರಕಪ್ಪನವರಿಗೆ ಮಾತ್ರ ಇದು ಸಹನವಾಗಲಿಲ್ಲ. “ಹತ್ತ ವರ್ಷ ಬಾಜುಕ ಕುಂತ ನಾ ಹಾಡಿದ್ದ ಕೇಳಲಿಲ್ಲ, ಏಳ ಸಮುದ್ರದ ಆಚಿ ನಿಂತ ಆ ಕೆಂಪ ಮೂತಿಯಂವಾ ಒದರಿದ್ದ ಕೇಳತೈತಿ? ಇದ್ಯಾವ ನ್ಯಾಯ ಬೇ?” ಎಂದು ಹೆಂಡತಿಯನ್ನು ತರಾಟೆಗೆ ತೆಗೆದುಕೊಂಡರು. ಸಾವಂತ್ರೆವ್ವ ಅದು ಕೇಳಿಸಲಿಲ್ಲವಾದ್ದರಿಂದ ನಕ್ಕರು.

ಅಂದಿನಿಂದ ಮೂರು ವರ್ಷ, ಜಿನ್ನು ಬಿಟ್ಟ ಮೇಲೆ ಅರ್ಧ ತಾಸು, ಸಾವಂತ್ರೆವ್ವ ಮತ್ತು ಅವರಂಥ ಹನ್ನೊಂದು ಮಂದಿ ಹೆಣ್ಣುಮಕ್ಕಳು ಆ ಪೆಟ್ಟಿಗೆಯನ್ನು ಹೆರಿಗೆಯಾದವಳನ್ನು ಸುತ್ತುವರಿದಂತೆ ಸುತ್ತುವರಿದು, ಸರದಿಯಂತೆ ಕೈಯಿಟ್ಟು, ತಮ್ಮನ್ನು ಆಲಿಸಿದರು. ಕಿವಿ ಸರಿಯಿದ್ದವರು ಆ ಹೊತ್ತಿಗೆ ಊರಾಚೆ ತಿರುಗಾಡಲು ಹೋಗುವುದನ್ನು ರೂಢಿಸಿಕೊಂಡರು. ಅದರಿಂದ ಅವರ ಆರೋಗ್ಯವೂ ಸುಧಾರಿಸಿತು. ಇಷ್ಟೊಂದು ಲೋಕೋಪಕಾರ ಒಂದು ಕ್ಯಾಸೆಟ್ಟಿನಿಂದ ಆದದ್ದನ್ನು ನಾನು ಕಂಡಿಲ್ಲ.

ಹೀಗಿರುವಾಗ ತಮ್ಮ ಹೊಸ ಕ್ಯಾಸೆಟ್ಟು ಬಂದಿದೆಯೆಂಬ ಸುದ್ದಿ ತಿಳಿದು, ನಮ್ಮ ಬಳಗದ ಮಲಕಪ್ಪನವರು, ರೈಲು ಹಳಿ ಬಿಗಿಯುವ ಗ್ಯಾಂಗಿನವರು, ವರ್ಷಕ್ಕೊಮ್ಮೆ ಸಿಗುವ ಪಾಸನ್ನು ದೇವರಿಗೆ ಹೋಗಲು ಬಳಸದೆ ಮೀರಜಿನಲ್ಲಿ ಗಾಡಿ ಬದಲಿಸಿ ಮುಂಬಯಿಗೆ ಹೋಗಿ ಅದನ್ನು ತಂದರು. ಕಳೆದ ತಿಂಗಳ ಎರಡನೆಯ ರವಿವಾರ ಬೆಳಿಗ್ಗೆ ಎಲ್ಲರೂ ಕೂಡಿದೆವು. ಪೆಟ್ಟಿಗೆಗೆ ಅಬ್ದುಲಮಜೀದರು ಹೂ ಏರಿಸಿದ್ದರು. ಊರಿನ ಕಿವಿ ಸರಿಯಿದ್ದವರು ಮುಂಜಾಗ್ರತೆಯಾಗಿ ಹೊಲಗಳಿಗೆ ಹೊರಟುಹೋಗಿದ್ದರು. ಗುಂಡಿ ಒತ್ತಲಾಯಿತು.

ಮೊದಲು ಒಂದು ಹಕ್ಕಿ ಉಲಿಯಿತು. ನಂತರ ಪಿಯಾನೋದವರು, ಪಕ್ಕದ ಮನೆಯಲ್ಲಿ ಕೂಸು ಮಲಗಿದೆಯೆಂಬಂತೆ, ಒಂದೊಂದೇ ಕೀಲಿಯನ್ನು ಕ್ಷಮೆ ಕೇಳಿ ಮುಟ್ಟಿದರು. ಆಮೇಲೆ ತಾವು, ಪ್ರಪಂಚದ ಅಂತ್ಯವನ್ನು ಅಷ್ಟು ಸ್ಪಷ್ಟವಾಗಿ ಸಾರಿದ್ದ ತಾವು, ಯಾರೋ ಒಬ್ಬ ಹುಡುಗಿಗೆ ಕಿಟಕಿಯ ಬಳಿ ಕಾಯುತ್ತೇನೆಂದು ಪಿಸುಗುಟ್ಟಿದಿರಿ. ಎರಡನೆಯ ಹಾಡಿನಲ್ಲಿಯೂ ಕಿಟಕಿಯ ಬಳಿಯೇ ಇದ್ದಿರಿ. ಮೂರನೆಯದರಲ್ಲಿ ಮಳೆ ಬಂತು, ಆದರೆ ತಾವು ಒಳಗೆ ಹೋಗಲಿಲ್ಲ. ಭಾಷಾಂತರವಾದ ಕಾದಂಬರಿಗಳಲ್ಲಿ ಓದಿದ ಮಟ್ಟಿಗೆ ತಮ್ಮ ದೇಶದವರಿಗೆ ಕಿಟಕಿಯ ಬಳಿ ನಿಲ್ಲುವ ಅಭ್ಯಾಸ ಹೆಚ್ಚು ಎಂಬುದು ನನಗೆ ಗೊತ್ತು; ಆದರೆ ಅಲ್ಲಿ ಸಾಮಾನ್ಯವಾಗಿ ಮೂವತ್ತು ಪುಟದೊಳಗೆ ಯಾರಾದರೂ ಬಂದು ಅವರನ್ನು ಅಲ್ಲಿಂದ ಕದಲಿಸುತ್ತಾರೆ.

ಸಾವಂತ್ರೆವ್ವ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕಾದರು. ಕೊನೆಗೆ ಕೈಯನ್ನು ಎತ್ತಿ ಒಣಗಿದ ಎಲೆಯಂತೆ ಕೆಳಗೆ ಬಿಟ್ಟರು. ಬೆಲ್ಟ್ ಬಿದ್ದಿದೆ. ಬಸವಣ್ಣೆಪ್ಪ ಮೇಸ್ತ್ರಿಗಳು ಎದ್ದು, ಬಗ್ಗಿ, ಕಿವಿಗೊಟ್ಟು, “ಬೆಲ್ಟ್ ಅಷ್ಟ ಅಲ್ರಿ, ಎಂಜಿನ್ನ ಮಾರ್‍ಯಾರ ಇವ್ರು” ಎಂದು ತೀರ್ಪು ಕೊಟ್ಟರು. ಮದುವೆಗೆ ಬಾಡಿಗೆ ಕೊಡುವ ಭೋಂಗಾ ತಂದು ಹಚ್ಚಿಯೂ ನೋಡಿದೆವು. ಪಿಸುಮಾತು ದೊಡ್ಡದಾಯಿತೇ ಹೊರತು ಪೆಟ್ಟು ಬರಲಿಲ್ಲ. ಹೊಲಕ್ಕೆ ಹೋಗಿದ್ದವರು ಮಾತ್ರ ಒಬ್ಬೊಬ್ಬರಾಗಿ ತಿರುಗಿ ಬಂದು, ಗೇಟಿನ ಮುಂದೆ ಕಣ್ಣು ಮುಚ್ಚಿ ಕೂತು ತೂಗತೊಡಗಿದರು. ತಮಗೆ ಹೊಸ ಅಭಿಮಾನಿಗಳು ಸಿಕ್ಕಿದ್ದಾರೆ. ಅಭಿನಂದನೆಗಳು.

ಮೃದುತ್ವದ ವಿಷಯದಲ್ಲಿ ನಮಗೆ ದ್ವೇಷವಿದೆಯೆಂದು ತಾವು ತಿಳಿಯಬಾರದು. ಈ ಹೆಣ್ಣುಮಕ್ಕಳು ಇಪ್ಪತ್ತು ವರ್ಷ ಮಾಡಿದ್ದು ಅದನ್ನೇ. ತಾವು ಈಗ ತಲೆಯಿಟ್ಟು ಮಲಗಿ ಇಂಥ ಹಾಡುಗಳನ್ನು ಕಟ್ಟುವ ದಿಂಬಿನೊಳಗೆ ಅಣ್ಣಿಗೇರಿಯ ಅರಳೆ ಇದ್ದರೂ ಇರಬಹುದು. ಆದರೆ ಒಂದು ಹಿಡಿ ಮೆತ್ತನೆಯ ಅರಳೆ ತೆಗೆಯಲು ಎಷ್ಟು ಸದ್ದು ಬೇಕಾಗುತ್ತದೆ ಎಂಬುದು ನಮಗೆ ಗೊತ್ತಿದೆ, ಮತ್ತು ಆ ಸದ್ದಿಗೆ ತಾವೊಬ್ಬರೇ ಇಷ್ಟು ವರ್ಷ ನ್ಯಾಯ ಒದಗಿಸಿದ್ದಿರಿ.

ಇನ್ನು ತಪ್ಪೊಪ್ಪಿಗೆ. ಹೊಸ ಕ್ಯಾಸೆಟ್ಟಿನ ಮೂರನೆಯ ಹಾಡಿನ ತಳದಲ್ಲಿ ಒಂದೇ ತಂತಿಯ ಸಣ್ಣ ಮೊರೆತವೊಂದು ಮೊದಲಿನಿಂದ ಕೊನೆಯವರೆಗೆ ಇದೆ. ಅದನ್ನು ಕೇಳಿದೊಡನೆ ತಿರಕಪ್ಪನವರು ಎದ್ದು ನಿಂತು, “ಇದು ನನ್ನ ತಂಬೂರಿ ಶ್ರುತಿ! ಅಗದಿ ನಂದ! ಕೆಂಪ ಮೂತಿಯಾಂವ ನನ್ನ ಶಿಷ್ಯಾ ಆಗ್ಯಾನ ನೋಡ್ರಿ!” ಎಂದು ಕುಣಿದಾಡಿದರು. ನಮಗೆಲ್ಲ ಆಗ ಹೊಳೆಯಿತು. ಹಂಪಿಗೆ ಹೋದ ಆ ಉದ್ದಗೂದಲಿನವರು ತಿರಕಪ್ಪನವರ ಭಜನೆಯನ್ನು ತಮ್ಮ ಕೈಗೆ ಮುಟ್ಟಿಸಿದ್ದಾರೆ, ತಾವು ಅದನ್ನು ಕೇಳಿದ್ದೀರಿ, ತಮ್ಮ ಮನಸ್ಸು ಕರಗಿದೆ. ಅಂದರೆ ತಮ್ಮನ್ನು ಕೆಡಿಸಿದವರು ನಾವೇ. ತಿರಕಪ್ಪನವರು ಒಂದು ವಾರ ಊರ ತುಂಬ ಗುರುವಿನ ಗತ್ತಿನಲ್ಲಿ ತಿರುಗಿದರು, ಅಬ್ದುಲಮಜೀದರ ಅಂಗಡಿಯಲ್ಲಿ ಮೊದಲ ಕಪ್ಪು ತಮಗೇ ಬರಬೇಕೆಂದರು.

ಎಂಟನೆಯ ದಿನ ಅವರು ಬಂದು ಮೊದಲ ಕಪ್ಪು ಕೇಳದೆ ಬೆಂಚಿನ ತುದಿಗೆ ಕೂತರು. ಸಾವಂತ್ರೆವ್ವ ಅಂಗಡಿಗೆ ಬರುವುದನ್ನು ಬಿಟ್ಟಿದ್ದರು. ಹಳೆಯ ಕ್ಯಾಸೆಟ್ಟು ಹಾಕುತ್ತೇವೆ ಬನ್ನಿ ಎಂದು ಕರೆಯಲು ನಮಗೆ ಬಾಯಿ ಇರಲಿಲ್ಲ, ಏಕೆಂದರೆ ಮೂರು ವರ್ಷ ದಿನವೂ ತಿರುಗಿ ತಿರುಗಿ ಸವೆದಿದ್ದ ಅದರ ಟೇಪನ್ನು ಆ ರವಿವಾರ ಸಂಜೆಯೇ ಟೇಪ್‌ರೆಕಾರ್ಡರು ನುಂಗಿ ತುಂಡರಿಸಿತ್ತು. ಸಾವಂತ್ರೆವ್ವನವರಿಗೆ ಅದೂ ಗೊತ್ತಿಲ್ಲ. ಮನೆಯಲ್ಲಿ ಅವರು ತಮ್ಮ ಕಿವಿ ತೋರಿಸಿ, ಅದೇ ಕೈಯನ್ನು ಎಲೆಯಂತೆ ಕೆಳಗೆ ಬಿಟ್ಟರಂತೆ. ತಾವು ಮೆತ್ತಗಾಗಿದ್ದೀರಿ ಎಂಬುದು ಅವರ ತಲೆಗೆ ಹೋಗಿಲ್ಲ. ಅಷ್ಟು ಗಟ್ಟಿಯಾಗಿ ಒದರುತ್ತಿದ್ದವನು ಸುಮ್ಮನಾಗುವುದುಂಟೇ, ಉಳಿದಿದ್ದ ಚೂರು ಕಿವಿಯೂ ತನಗೆ ಹೋಯಿತು ಎಂದೇ ಅವರು ನಂಬಿದ್ದಾರೆ. “ನಾ ಎಷ್ಟ ಕೈ ಮಾಡಿ ಹೇಳಿದ್ರೂ ನಂಬವಲ್ಲಳ್ರಿ” ಎಂದರು ತಿರಕಪ್ಪನವರು. ಗುರುವಿನ ಗತ್ತು ಇಳಿದಿತ್ತು.

ಆದ್ದರಿಂದ ಮಾನ್ಯರೇ, ನಮ್ಮ ಬೇಡಿಕೆಗಳು ಅತ್ಯಲ್ಪ. ಡ್ರಮ್ಮಿನ ಮಹಾನುಭಾವರನ್ನು ಒಂದು ಹಂಗಾಮಿನ ಮಟ್ಟಿಗೆ ಅಣ್ಣಿಗೇರಿಗೆ ಎರವಲು ಕಳಿಸಬೇಕು. ಹದಿನಾಲ್ಕನೆಯ ಯಂತ್ರದ ಪಕ್ಕ ಅವರಿಗೆ ಜಾಗ ತೆರವು ಮಾಡಿಸಿದ್ದೇವೆ, ಜೋಳದ ರೊಟ್ಟಿ ಮೂರೂ ಹೊತ್ತು ಸಿಗುತ್ತದೆ. ಪಿಯಾನೋದವರನ್ನು ಕಿಟಕಿಯಿಂದ ಒಳಗೆ ಕರೆದು ಬೇರೆ ಯಾವುದಾದರೂ ಗೌರವದ ಕೆಲಸಕ್ಕೆ ಹಚ್ಚಬೇಕು. ತಿರಕಪ್ಪನವರ ಭಜನೆಯ ಕ್ಯಾಸೆಟ್ಟನ್ನು, ಅದು ತಮ್ಮಲ್ಲಿದ್ದರೆ, ಕೂಡಲೇ ಕೇಳುವುದನ್ನು ನಿಲ್ಲಿಸಬೇಕು. ಇವು ಯಾವುವೂ ಆಗದಿದ್ದರೆ ಇದೊಂದನ್ನಾದರೂ ಮಾಡಬೇಕು: ತಮ್ಮ ಮಂಡಳಿಯ ಮುದ್ರೆಯಿರುವ ಕಾಗದದಲ್ಲಿ, ಐವರ ಸಹಿಯೊಂದಿಗೆ, ‘ಸಾವಂತ್ರೆವ್ವನವರ ಕಿವಿ ಇದ್ದಲ್ಲೇ ಇದೆ, ಸುಮ್ಮನಾದವರು ನಾವು’ ಎಂದು ಒಂದು ದಾಖಲೆ ಬರೆದು ಕಳಿಸಬೇಕು. ಓದು ಬಾರದ ಅವರಿಗೆ ನಾನು ಸನ್ನೆಯಲ್ಲಿ ತಿಳಿಸುತ್ತೇನೆ. ಸರಕಾರಿ ಕಾಗದದಂತೆ ಕಂಡರೆ ಅವರು ನಂಬುತ್ತಾರೆ.

ತಮ್ಮ ಗದ್ದಲದ ಮೇಲಿನ ನಂಬಿಕೆಯನ್ನು ಈ ಗಳಿಗೆಯವರೆಗೂ ಬಿಟ್ಟುಕೊಡದಿರುವ
ತಮ್ಮ ವಿಶ್ವಾಸಿ,
ಮಡಿವಾಳೆಪ್ಪ
ಕಾರ್ಯದರ್ಶಿ, ಥಂಡರ್ ಫೌಂಡ್ರಿ ಅಭಿಮಾನಿ ಬಳಗ

ತಾ. ಕ.: ಪರದೇಶಕ್ಕೆ ಹಚ್ಚುವ ಟಪಾಲು ಚೀಟಿ ಗದಗಿನಿಂದ ಬರಬೇಕಾದ್ದರಿಂದ ಈ ಪತ್ರ ಆರು ದಿನ ನನ್ನ ಮೇಜಿನ ಮೇಲೆಯೇ ಉಳಿಯಿತು. ಈ ನಡುವೆ ನಿನ್ನೆ ರವಿವಾರ ಬೆಳಿಗ್ಗೆ ತಿರಕಪ್ಪನವರು ತಂಬೂರಿಯನ್ನು ಗೂಟಕ್ಕೆ ತೂಗುಹಾಕಿ, ಮಲಕಪ್ಪನವರನ್ನು ಮನೆಯ ಅಂಗಳಕ್ಕೆ ಕರೆಸಿದರು. ಮಲಕಪ್ಪನವರು ಒಂದು ತುಂಡು ರೈಲು ಕಂಬಿ, ತಮ್ಮ ಹಳಿ ಬಡಿಯುವ ಸುತ್ತಿಗೆ ಮತ್ತು ಜಿನ್ನಿನ ಖಾಲಿ ಎಣ್ಣೆಯ ಬ್ಯಾರಲ್ಲಿನೊಂದಿಗೆ ಬಂದರು. ಸಾವಂತ್ರೆವ್ವನವರ ಕೈಯನ್ನು ಬ್ಯಾರಲ್ಲಿನ ಮೇಲೆ ಇಡಿಸಿ, ಅದರ ಮೇಲಿಟ್ಟ ಕಂಬಿಯನ್ನು ಮಲಕಪ್ಪನವರು ಸುತ್ತಿಗೆಯಿಂದ ಬಡಿಯುತ್ತಿರಲು, ತಿರಕಪ್ಪನವರು ಅದೇ ಹಳೆಯ ಭಜನೆಯನ್ನು, ತಮ್ಮ ಕ್ಯಾಸೆಟ್ಟಿನಿಂದ ಮೂರು ವರ್ಷ ಕೇಳಿ ಕಲಿತ ಗಂಟಲಿನಲ್ಲಿ, ಕೊರಳ ನರ ಉಬ್ಬಿಸಿ ಒದರಿದರು. ಎರಡು ಓಣಿಯ ಆಚೆ ನಮ್ಮ ಬಸವಣ್ಣೆಪ್ಪ ಮೇಸ್ತ್ರಿಗಳು “ಬೇರಿಂಗ್!” ಎಂದು ಚಪ್ಪಲಿ ಮೆಟ್ಟದೆ ಓಡಿದರು. ಮೂರನೆಯ ನುಡಿಗೆ ಸಾವಂತ್ರೆವ್ವನವರ ಅಂಗೈ ಎದೆಗೆ ಹೋಯಿತು. ಆಮೇಲೆ ಅವರು ಗಂಡನನ್ನು ಮೇಲಿಂದ ಕೆಳಗೆ ನೋಡಿ, “ನೀವೇನ ಕಳ್ಕೊಂಡಿರಿ, ಹಿಂಗ ಒದರಾಕ? ಸಾಕ ಬಿಡ್ರಿ, ಊರಿಗೆಲ್ಲಾ ಕೇಳತೈತಿ!” ಎಂದರು. ಹನ್ನೊಂದು ಮಂದಿ ಹೆಣ್ಣುಮಕ್ಕಳು ಬ್ಯಾರಲ್ಲಿಗೆ ಸರದಿ ಹಚ್ಚಿದ್ದಾರೆ. ದಾಖಲೆಯ ಅಗತ್ಯ ಉಳಿದಿಲ್ಲ. ಬಳಗದ ಹೆಸರಿನಲ್ಲಿ ಸಣ್ಣದೊಂದು ಬದಲಾವಣೆಯಾಗಲಿದೆ. ತಾವು ಇನ್ನು ಮುಂದೆ ಎಷ್ಟು ಮೆತ್ತಗೆ ಬೇಕಾದರೂ ಹಾಡಿಕೊಳ್ಳಬಹುದು.