ಬೀಗರ ಹೋಳಿಗೆಯನ್ನು ತಡೆದ ಗಂಟಲ ಸಾಹೇಬರಿಗೆ

ತಿಕೋಟಾ, ಮಾಘ ಮಾಸ, ೧೯೬೫

ಮಾನ್ಯರೇ,

ತಿಕೋಟಾದ ಬೆಲ್ಲದ ಅಂಗಡಿ ಶಿವಶರಣಪ್ಪನ ಕೊರಳಲ್ಲಿ ಕಾಯಂ ಮುಕ್ಕಾಂ ಮಾಡಿರುವ ತಮಗೆ ಅದೇ ಶಿವಶರಣಪ್ಪನ ಶರಣು ಶರಣಾರ್ಥಿ. ಒಂದೇ ಮೈಯಲ್ಲಿದ್ದೂ ಕಾಗದ ಬರೆಯುವ ಪ್ರಸಂಗ ಬಂದುದಕ್ಕೆ ಕ್ಷಮೆಯಿರಲಿ. ಬಾಯಿಂದಲೇ ಹೇಳೋಣವೆಂದರೆ ಮಾತಿನ ದಾರಿಯೂ ತಮ್ಮ ಕಚೇರಿಯ ಮುಂದೆಯೇ ಹಾಯುತ್ತದೆ.

ಮೊದಲು ತಮ್ಮ ಉಪಕಾರ ನೆನೆಯುತ್ತೇನೆ. ನಾನು ತಲೆಯ ಮೇಲೆ ಬೆಲ್ಲ ಹೊತ್ತು ಸಂತೆ ತಿರುಗುತ್ತಿದ್ದ ಕಾಲದಲ್ಲಿ ತಾವು ಒಮ್ಮೆ ಕೂಗಿದರೆ ಬಬಲೇಶ್ವರದ ಸಂತೆಯ ಆ ತುದಿಯ ಗಿರಾಕಿ ಈ ತುದಿಗೆ ಬರುತ್ತಿದ್ದ. ಅಂಗಡಿ ಆದದ್ದು ನನ್ನ ಬುದ್ಧಿಯಿಂದ ಎಂದು ಊರಿಗೆಲ್ಲ ಹೇಳಿಕೊಂಡಿದ್ದೇನೆ. ತಮ್ಮಿಂದ ಎಂಬುದು ನಮ್ಮಿಬ್ಬರಲ್ಲೇ ಇರಲಿ.

ಹೋದ ವರ್ಷ ತಮ್ಮಲ್ಲಿ ಗಂಟು ಕಂಡಿತು, ಕ್ಯಾನ್ಸರ್ ಎಂದರು, ಮುಂಬಯಿಯ ದವಾಖಾನೆಯಲ್ಲಿ ತಮಗೆ ಗಂಟು ಸುಡುವ ಕರೆಂಟು ಕೊಡಿಸಿದೆ, ಗಂಟು ಕರಗಿತು. ನಾನು ಬದುಕಿ ಬಂದೆ, ತಾವು ಸಾಹೇಬರಾಗಿ ಬಂದಿರಿ. ಅಂದಿನಿಂದ ತಮ್ಮ ದರ್ಬಾರಿನ ಶಿಸ್ತನ್ನು ಎಷ್ಟು ಹೊಗಳಿದರೂ ಸಾಲದು. ಬಾಯಲ್ಲಿ ಉಗುಳಿಲ್ಲ; ರೊಟ್ಟಿಯ ಚೂರು ಇಟ್ಟರೆ ಉಸುಕು ಇಟ್ಟಂತೆ. ನೀರನ್ನೂ ತಾವು ವಿಚಾರಣೆಯಿಲ್ಲದೆ ಬಿಡುವವರಲ್ಲ, ಮನಸ್ಸು ಬಂದರೆ ಉಸಿರಿನ ಕೊಳವೆಗೆ ಕಳಿಸಿ ನನ್ನನ್ನು ಕಣ್ಣೀರು ಬರುವ ತನಕ ಕೆಮ್ಮಿಸುತ್ತೀರಿ. ಬೆಲ್ಲ ಮಾರುವವನಿಗೆ ಬೆಲ್ಲದ ರುಚಿ ಹತ್ತುವುದಿಲ್ಲ. ಹೆಂಡತಿ ಗುರುಬಾಯಿ ತುಪ್ಪ ಹಾಕಿ ಕೊಡುವ ಗಂಜಿಯನ್ನು, ಡಾಕ್ಟರರು ಕಲಿಸಿದಂತೆ ಗದ್ದ ಎದೆಗೊತ್ತಿ ಗುಟುಕು ಗುಟುಕಾಗಿ ಇಳಿಸುತ್ತೇನೆ. ಮೊದಲು ಅಂಗಡಿಯ ತಕ್ಕಡಿಯಲ್ಲಿ ನಾನು ಕೂತರೆ ಎದುರಿನ ಜೋಳದ ಚೀಲ ಮೇಲೇಳುತ್ತಿತ್ತು. ಈಗ ಚೀಲ ಕೂತಿರುತ್ತದೆ, ನಾನು ಏಳುತ್ತೇನೆ.

ಇದನ್ನೆಲ್ಲ ನುಂಗಿಕೊಂಡಿದ್ದೆ. ಆದರೆ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಮಗಳು ನೀಲವ್ವ ಇದ್ದಾಳೆ. ಈ ಬೇನೆ ಮನೆತನದಲ್ಲಿ ಹರಿಯುತ್ತದೆಂದು ಜನ ಅಂಜುವುದರಿಂದ, ಮುಂಬಯಿಗೆ ವ್ಯಾಪಾರಕ್ಕೆ ಹೋಗಿದ್ದೆನೆಂದೇ ಹೇಳಿದ್ದೆವು. ಹೋದ ವಾರ ಬಬಲೇಶ್ವರದ ರೇವಪ್ಪನವರಲ್ಲಿಗೆ ವರನ ಮನೆ ನೋಡಲು ಹೋದೆವು. ಹೆಣ್ಣಿನ ತಂದೆ ಆ ಮನೆಯಲ್ಲಿ ಮೊದಲ ತುತ್ತು ಉಂಡರೆ ಸಂಬಂಧ ಒಪ್ಪಿದಂತೆ, ಉಣ್ಣದೆ ಎದ್ದರೆ ಒಲ್ಲೆನೆಂದಂತೆ. ಇದು ತಮಗೆ ಗೊತ್ತಿಲ್ಲದ ರೂಢಿಯೇನಲ್ಲ. ಪಂಕ್ತಿ ಕೂತಿತ್ತು, ತಾಟಿನಲ್ಲಿ ಹೋಳಿಗೆ.

"ಕೈ ಹಚ್ಚರಿ ಬೀಗರ, ನಮ್ಮ ಮಂದಿ ನಿಮ್ಮ ಮಾರೀನ ನೋಡಾಕತ್ತಾರ" ಎಂದರು ರೇವಪ್ಪನವರು.

ನಾನು ತುತ್ತು ಇಟ್ಟೆ. ತಾವು ತಡೆದಿರಿ. ಕೆಮ್ಮಿ, ಕೆಮ್ಮಿ, ಕಡೆಗೆ ಅದನ್ನು ಹೆಗಲ ವಸ್ತ್ರದಲ್ಲಿ ಹಿಡಿದೆ.

"ಅಯ್ಯ ಯಪ್ಪಾ, ಹೂರಣದಾಗ ಕಲ್ಲು ಹಳ್ಳು ಬಂತೇನ್ರಿ?" ಎಂದು ಅವರ ಹೆಂಡತಿ ಕಾಳವ್ವ ಓಡಿ ಬಂದರು.

ಮೂಲೆಯಲ್ಲಿದ್ದ ಮುದುಕನೊಬ್ಬ, "ಹಳ್ಳಲ್ಲ ಬೇ, ಬ್ಯಾರೆ ಅಂಗಡಿ ಬೆಲ್ಲಾ ಹಾಕೀರಿ. ಬೆಲ್ಲದ ಸಾವಕಾರ್ರಿಗೆ ಅದು ಸೇರತೈತೇನ?" ಎಂದ. ಪಂಕ್ತಿಯೆಲ್ಲ ನಕ್ಕಿತು, ರೇವಪ್ಪನವರು ನಗಲಿಲ್ಲ. ಬೆಲ್ಲ ನಿಜಕ್ಕೂ ಬೇರೆ ಅಂಗಡಿಯದೇ ಆಗಿತ್ತು. ಮರುದಿನ ಹೇಳಿ ಕಳಿಸಿದರು: "ಸೋಮವಾರ ಮತ್ತೊಮ್ಮೆ ಬರ್ರಿ. ಉಂಡ್ರ ಸಕ್ಕರಿ ಹಂಚೋಣು. ಇಲ್ಲಂದ್ರ ನಮ್ಮ ಬೆಲ್ಲಾ ನಮಗ, ನಿಮ್ಮ ಬೆಲ್ಲಾ ನಿಮಗ."

ಆದಕಾರಣ ತಮ್ಮಲ್ಲಿ ವಿನಂತಿ. ಸೋಮವಾರ ಊಟದ ಹೊತ್ತಿಗೆ ತಾವು ರಜೆ ಪಡೆದು, ಹಸಿದ ಪೈಲವಾನನೊಬ್ಬನ ಗಂಟಲನ್ನು ಬದಲಿಗೆ ನೇಮಿಸಬೇಕು. ಅದಾಗದಿದ್ದರೆ ಅರ್ಧ ದಿನದ ಮಟ್ಟಿಗೆ ರೇವಪ್ಪನವರ ಕೊರಳಿಗೆ ವರ್ಗವಾಗಿ ಹೋಗಬೇಕು. ಅವರ ಮನೆಯ ಹೋಳಿಗೆ ಅವರಿಗೇ ಒಮ್ಮೆ ಸಿಕ್ಕಿಕೊಂಡರೆ ನಾನು ವಿವರಿಸುವ ತೊಂದರೆ ತಪ್ಪುತ್ತದೆ. ಎರಡೂ ಕಾನೂನಿಗೆ ಬಾರದಿದ್ದರೆ ಮೂರನೆಯ ಹಾದಿಯೊಂದಿದೆ. ಅದು ನೀಲವ್ವ ಹೇಳಿದ್ದು: "ಯಪ್ಪಾ, ಖರೇ ಹೇಳಿಬಿಡು. ಲಗ್ನ ಆದಮ್ಯಾಲ ಗೊತ್ತಾದ್ರ ಆ ಮನ್ಯಾಗ ನಾ ಒಬ್ಬಾಕಿನ ಮಾತು ಅನಿಸಿಕೊಬೇಕಾಕ್ಕೈತಿ." ತಾವು ತಡೆದ ತುತ್ತು ಇಳಿಯಲಿಲ್ಲ; ಅವಳು ಹೇಳಿದ್ದು ಇಳಿಯಿತು.

ಎಲ್ಲಿ ಹೋದರೂ ತಮ್ಮನ್ನು ಹೊತ್ತುಕೊಂಡೇ ಹೋಗುವ,
ತಮ್ಮ ವಿಶ್ವಾಸಿ,
ಶಿವಶರಣಪ್ಪ

ತಾ.ಕ.: ಈ ಕಾಗದವನ್ನು ವಿಜಾಪುರದ ವಾರಪತ್ರಿಕೆಗೆ ಕೊಟ್ಟಿದ್ದೇನೆ, ಶನಿವಾರ ಶನಿವಾರ ರೇವಪ್ಪನವರು ಆ ಪತ್ರಿಕೆಯನ್ನು ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿಸುವ ರೂಢಿಯುಂಟು. ಬೇನೆಗೆ ಅಂಜಿ ಸಂಬಂಧ ಬಿಟ್ಟರೆ ಬಿಡಲಿ, ಅವರ ಬೆಲ್ಲದಲ್ಲಿ ನಾನು ಕುಂದು ಹುಡುಕಿದೆನೆಂದು ಬಿಡುವುದು ಬೇಡ. ಸೋಮವಾರ ಮೊದಲ ಬಸ್ಸಿಗೆ ಹೋಗುತ್ತೇನೆ. ತಾಟಿನಲ್ಲಿ ಒಣ ಹೋಳಿಗೆ ಕಂಡರೆ ಅವರು ಒಲ್ಲರೆಂದು ತಿಳಿದು ಕೈ ಮುಗಿದು ಎದ್ದು ಬರುತ್ತೇನೆ. ಕಾಳವ್ವನವರು ಹೂರಣವನ್ನು ಹಾಲಿನಲ್ಲಿ ತೆಳ್ಳಗೆ ಕದಡಿ ವಾಟಿಯಲ್ಲಿ ಇಟ್ಟಿದ್ದರೆ, ಗದ್ದ ಎದೆಗೊತ್ತಿ ಮೊದಲ ಗುಟುಕು ಕುಡಿಯುತ್ತೇನೆ, ಎಷ್ಟು ಹೊತ್ತು ಹಿಡಿದರೂ ಪಂಕ್ತಿ ಕಾಯಲಿ. ಆ ಮನೆಯಲ್ಲಿ ಅಂದು ತಮ್ಮ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.