ಬೀಗರ ತಲೆ

ನಮ್ಮ ಬೀಗರಿಗೆ ತಲೆ ಸರಿ ಇರಲಿಲ್ಲ! ಹೀಗೆಂದ ಕೂಡಲೇ ಹುಬ್ಬೇರಿಸಬೇಡಿ. ಇದು ಬುದ್ಧಿಯ ಮಾತಲ್ಲ, ಕತ್ತಿನ ಮೇಲೆ ಕೂತಿರುತ್ತದಲ್ಲ, ಆ ತಲೆಯ ಮಾತು. ಬುದ್ಧಿಗೇನು ಕಮ್ಮಿ? ಬಲ್ಗೇರಿಯಾದ ಸೈನ್ಯದಲ್ಲಿ ಕರ್ನಲ್ ಆಗಿದ್ದವರು, ಆಮೇಲೆ ಮಂತ್ರಿಯಾದರು, ಅದೂ ಸಾಲದೆಂದು ರಾಯಭಾರಿಯಾಗಿ ದೇಶದೇಶ ಸುತ್ತಿದರು. ಇಷ್ಟೆಲ್ಲ ಆಗಿ ಕೊನೆಗೆ ಆಸ್ಟ್ರೇಲಿಯಾದ ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ ಮನೆ ಮಾಡಿ, ಪಕ್ಕದ ಕ್ಯಾನಿಂಗ್ ವೇಲ್‌ನಲ್ಲಿದ್ದ ನಮ್ಮ ಕೈಗೆ ಸಿಕ್ಕಿಬಿದ್ದರು!

ಸಿಕ್ಕಿಸಿದವಳು ನನ್ನ ತಂಗಿ. ಬ್ರಿಸ್ಬೇನ್‌ನ ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಇವರ ಮಗನನ್ನು ಮೆಚ್ಚಿದ್ದಳು. ಅಪ್ಪ ಇಲ್ಲದ ಹುಡುಗಿ. ಮೈಸೂರಿನಿಂದ ಬಂದಿದ್ದ ಅಮ್ಮನದು ಒಂದೇ ಹಟ: "ಹುಡುಗ ಒಪ್ಪಿದ್ರೆ ಸಾಲ್ದು ಕಣೋ. ಅವರಪ್ಪ ಮನಸಾರೆ ಹೂಂ ಅನ್ಬೇಕು. ಬೇಡ ಅನ್ನೋ ಮನೆಗೆ ನನ್ನ ಮಗಳನ್ನ ಕಳಿಸಲ್ಲ."

ಪರಿಚಯಕ್ಕೆಂದು ಒಂದು ಭಾನುವಾರ ಊಟಕ್ಕೆ ಕರೆದೆವು. ಬಂದರು ನೋಡಿ! ಸೂಟು, ಎದೆಯ ಮೇಲೆ ಪದಕಗಳ ಸಾಲು, ಕೈಯಲ್ಲಿ ತಾವೇ ಹೆಪ್ಪು ಹಾಕಿದ ಒಂದು ಜಾಡಿ ಮೊಸರು. ಬಾಗಿಲಲ್ಲೇ ನಿಂತು ಪುಟ್ಟ ಭಾಷಣ ಮಾಡಿ, ಬಲ್ಗೇರಿಯಾದ ಜನತೆಯ ಪರವಾಗಿ ಮೊಸರನ್ನು ಅಮ್ಮನಿಗೆ ಒಪ್ಪಿಸಿದರು. ಅಮ್ಮ ಒಂದು ಚಮಚ ಬಾಯಿಗಿಟ್ಟು, "ಹುಳಿ ಜಾಸ್ತಿ ಆಯ್ತು. ಇರ್ಲಿ, ಮಜ್ಜಿಗೆಹುಳಿಗಾಗತ್ತೆ" ಎಂದರು. ನಾನು ಅದನ್ನು "ಅದ್ಭುತವಾಗಿದೆಯಂತೆ" ಎಂದು ಇಂಗ್ಲಿಷಿಗೆ ಅನುವಾದಿಸಿದೆ. ರಾಯಭಾರ ಅವರೊಬ್ಬರ ಸ್ವತ್ತೇ?

ಊಟಕ್ಕೆ ಕೂತ ಮೇಲೆ ಅವರದು ಮಾತಿಲ್ಲ. ಬಾಯಲ್ಲಿ ತುತ್ತಿದ್ದಾಗ ಮಾತಾಡಿದರೆ ಶಿಷ್ಟಾಚಾರ ಕೆಡುತ್ತದಂತೆ. ಎಲ್ಲಾ ತಲೆಯಲ್ಲೇ! "ಇನ್ನೊಂದು ಹೋಳಿಗೆ?" ಎಂದು ಅಮ್ಮ ಕೇಳಿದರೆ ತಲೆ ಮೇಲೆ ಕೆಳಗೆ ಆಡಿತು. ಬಡಿಸಿದರು. "ಇನ್ನೊಂದು?" ತಲೆ ಇನ್ನೂ ಜೋರಾಗಿ ಆಡಿತು. ಒಟ್ಟು ಎಂಟು ಹೋಳಿಗೆ! ಸೈನಿಕರಲ್ಲವೇ, ಹಿಂದೆ ಸರಿಯಲಿಲ್ಲ. ಬೆವರಿದರು, ಟೈ ಸಡಿಲಿಸಿದರು, ತಿಂದರು. ಕೊನೆಗೆ "ಕಾಫಿ?" ಎಂದಾಗ ತಲೆ ಅತ್ತಿತ್ತ ಆಡಿತು. "ಪಾಪ, ಕಾಫಿ ಕುಡಿಯಲ್ವೇನೋ" ಎಂದು ಅಮ್ಮ ಲೋಟ ಒಳಗೆ ತೆಗೆದುಕೊಂಡು ಹೋದರು. ಅವರು ಆ ಲೋಟ ಹೋದ ದಿಕ್ಕನ್ನೇ ನೋಡುತ್ತಾ ಕೂತರು.

ಅಮ್ಮ ಊರಿಗೆ ಹೊರಡಲು ಎರಡೇ ದಿನ ಉಳಿದಿತ್ತು. ಕ್ಯಾನಿಂಗ್ಟನ್‌ನ ಅಂಗಡಿಗಳಲ್ಲಿ ಹುಡುಕಾಡಿ ತಂದ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿಯನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಅವರ ಮನೆಗೆ ಹೋದೆವು. ಫೋನಿನ ಪರದೆಯಲ್ಲಿ ತಂಗಿ ಉಗುರು ಕಚ್ಚುತ್ತಿದ್ದಳು.

ಅಮ್ಮ ಸುತ್ತಿಬಳಸದೆ ಕೇಳಿದರು: "ನಮ್ಮ ಹುಡುಗೀನ ಸೊಸೆ ಮಾಡ್ಕೋತೀರಾ?" ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರ ಕಣ್ಣು ತುಂಬಿತು, ಎದೆಯ ಮೇಲೆ ಕೈಯಿಟ್ಟುಕೊಂಡರು. ತಲೆ ಮಾತ್ರ ಅತ್ತಿತ್ತ ಆಡಿತು. ಒಂದಲ್ಲ, ನಾಲ್ಕು ಸಲ!

ಅಮ್ಮನ ಮುಖ ಸಣ್ಣದಾಯಿತು. "ಏಳೋ, ಋಣ ಇಲ್ಲ" ಎಂದು ತಟ್ಟೆ ಎತ್ತಿದರು. ಬೀಗರು ಗಾಬರಿಯಿಂದ ತಟ್ಟೆಯ ಇನ್ನೊಂದು ಅಂಚು ಹಿಡಿದರು. ಅಮ್ಮ ಎಳೆದರು, ಕರ್ನಲ್ ಎಳೆದರು! ಅಡಿಕೆ ಚೆಲ್ಲಾಪಿಲ್ಲಿ, ತೆಂಗಿನಕಾಯಿ ಸೋಫಾದ ಕೆಳಗೆ! "ಹೆಣ್ಣು ಬೇಡ, ತಟ್ಟೆ ಬೇಕಾ ಇವರಿಗೆ?" ಎಂದು ಅಮ್ಮ ರೇಗುವಷ್ಟರಲ್ಲಿ ಫೋನಿನಿಂದ ತಂಗಿ ಕೂಗಿದಳು: "ಅಮ್ಮಾ, ಬಿಡು ತಟ್ಟೇನ! ಅವರ ಕಡೆ ತಲೆ ಅತ್ತಿತ್ತ ಆಡಿಸಿದ್ರೆ ಹೂಂ ಅಂತ! ಮೇಲೆ ಕೆಳಗೆ ಆಡಿಸಿದ್ರೆ ಇಲ್ಲ ಅಂತ! ಹೇಳೋದೇ ಮರ್ತ್ಬಿಟ್ಟಿದ್ದೆ!"

ಅಮ್ಮನಿಗೆ ಮೊದಲು ನೆನಪಾದದ್ದು ಹೋಳಿಗೆ. "ಅಯ್ಯೋ ಶಿವನೇ! ಎಂಟೂ ಬೇಡ ಬೇಡ ಅಂದ್ಕೊಂಡೇ ತಿಂದ್ರಾ?" ಎಂದು ಹಣೆ ಚಚ್ಚಿಕೊಂಡು, ಸೀದಾ ಅವರ ಅಡುಗೆಮನೆಗೆ ನುಗ್ಗಿ ಕಾಫಿ ಮಾಡಿ ತಂದುಕೊಟ್ಟರು.

ಬೀಗರು ಕಾಫಿ ಮುಗಿಸಿ, ಎದ್ದು ನಿಂತು ಘೋಷಿಸಿದರು: "ನನ್ನ ದೇಶದಲ್ಲಿ ಸರ್ಕಾರ ಬದಲಾಯಿತು, ಬಾವುಟ ಬದಲಾಯಿತು, ನನ್ನ ತಲೆ ಬದಲಾಗಲಿಲ್ಲ. ಇವತ್ತಿನಿಂದ ಈ ತಾಯಿಯ ಮುಂದೆ ಅದು ನಿಮ್ಮವರ ಹಾಗೇ ಆಡುತ್ತದೆ." ಮಾತು ಕೊಟ್ಟ ಮೇಲೆ ಅಭ್ಯಾಸ ಬೇಡವೇ? ಕನ್ನಡಿಯ ಮುಂದೆ, ಸಿಗ್ನಲ್‌ನಲ್ಲಿ, ಕಟಿಂಗ್ ಶಾಪಿನ ಕುರ್ಚಿಯಲ್ಲೂ! ತೀರಾ ಸಣ್ಣಗೆ ಕತ್ತರಿಸಲೇ ಎಂದು ಕೇಳಿದವನಿಗೆ ಯಾವ ದೇಶದ ತಲೆ ಆಡಿಸಿದರೋ ಏನೋ, ಮುಂದಿನ ವಾರ ನಮ್ಮ ಮನೆಗೆ ಬೋಳಾಗಿ ಬಂದರು.

ಮದುವೆ ಗೊತ್ತಾಯಿತು. ಪುರೋಹಿತರು ಅಡಿಲೇಡ್‌ನಿಂದ ಬರುವುದೆಂದಾಯಿತು. ಅಷ್ಟರಲ್ಲಿ ಬೀಗರು ಆಸ್ಪತ್ರೆ ಸೇರಿದರು. ಹೆಚ್ಚು ದಿನ ಇಲ್ಲವೆಂದು ಡಾಕ್ಟರು ನನಗೂ ಹೇಳಿದ್ದರು, ಅವರಿಗೂ ಹೇಳಿದ್ದರು. ಅಮ್ಮನಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಬಂದಿರಲಿಲ್ಲ. ಮೈಸೂರಿನಿಂದ ಅಮ್ಮ ಫೋನಿನಲ್ಲಿ ಮುಖ ತೋರಿಸಿ ಕೇಳಿದರು: "ಬೀಗರೇ, ಧಾರೆ ಹೊತ್ತಿಗೆ ಎದ್ದು ಬರ್ತೀರಿ ತಾನೇ?" ನಾನು ತಡವರಿಸುತ್ತಾ ಇಂಗ್ಲಿಷಿನಲ್ಲಿ ಹೇಳಿದೆ.

ದಿಂಬಿನ ಮೇಲೆ ಅವರ ತಲೆ ನಿಧಾನವಾಗಿ ಮೇಲೆ ಕೆಳಗೆ ಆಡಿತು.

"ನೋಡಿದ್ಯೇನೋ, ಬರ್ತೀನಿ ಅಂದ್ರು!" ಅಮ್ಮನಿಗೆ ಎಲ್ಲಿಲ್ಲದ ಸಂಭ್ರಮ. ಬೀಗರು ನನ್ನ ಕಡೆ ತಿರುಗಿ ಮೆಲ್ಲನೆ ಕೈ ಅದುಮಿದರು. ಅಮ್ಮನಿಗೆ ಸಮಾಧಾನವೂ ಆಯಿತು, ಅವರ ದೇಶದ ಲೆಕ್ಕದಲ್ಲಿ ಅವರು ಸುಳ್ಳು ಹೇಳಿದ ಹಾಗೂ ಆಗಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಮದುವೆ ಮುಂದಿನ ವರ್ಷ ನಡೆಯಿತು, ಬೀಗರಿಲ್ಲದೆ. ಧಾರೆಯ ಹೊತ್ತಿಗೆ ಅಮ್ಮ ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದರು: "ಅವತ್ತು ಬರ್ತೀನಿ ಅಂತಾನೇ ಅಂದಿದ್ದು, ಅಲ್ವೇನೋ?"

ನಾನು ತಲೆಯನ್ನು ಅತ್ತಿತ್ತ ಆಡಿಸಿದೆ. ಅಮ್ಮ ಅದನ್ನು ಬೀಗರ ಕಡೆಯ ಹೂಂ ಎಂದುಕೊಂಡು, ಕಣ್ಣೊರೆಸಿಕೊಂಡು, ಧಾರೆಯ ಚೆಂಬನ್ನು ನನ್ನ ಕೈಗೆ ಕೊಟ್ಟರು.