ತಪಾಸಣೆಗೆ ಗೈರುಹಾಜರಾದ ಎರೆಹುಳುಗಳಿಗೆ

ಗೆ,
ಸಮಸ್ತ ಎರೆಹುಳುಗಳು,
ನೆಲದಡಿ, ಒಂದು ಗೇಣಿನಿಂದ ಒಂದು ಮೊಳದವರೆಗೆ.

ವಿಷಯ: ಹಿಂದಿನ ತಿಂಗಳ ಎರಡನೆಯ ಬುಧವಾರ ತಾವು ಕರ್ತವ್ಯದ ಸ್ಥಳದಲ್ಲಿ ಇಲ್ಲದಿದ್ದ ಬಗ್ಗೆ.

ಮಾನ್ಯ ಎರೆಹುಳುಗಳೇ,

ತಾವೂ, ತಮ್ಮ ಹಿರಿಯರೂ, ಇನ್ನೂ ಮೊಟ್ಟೆಯೊಳಗೇ ಇರುವ ತಮ್ಮ ಕಿರಿಯರೂ ತಂಪಾದ ಜಾಗದಲ್ಲಿ ಕ್ಷೇಮವಾಗಿದ್ದೀರೆಂದು ನಂಬಿ, ಕೈಮುಗಿದು ಈ ಪತ್ರವನ್ನು ಬರೆಸುತ್ತಿದ್ದೇನೆ. ಬರೆಸುತ್ತಿದ್ದೇನೆ ಎಂದೆ, ಏಕೆಂದರೆ ಒಂಬತ್ತು ವರ್ಷಗಳಿಂದ ನನಗೆ ಕಣ್ಣು ಕಾಣುವುದಿಲ್ಲ. ಪೆನ್ನು ಹಿಡಿದಿರುವವಳು ನನ್ನ ತಂಗಿ. ಮೊದಲ ಸಾಲಿಗೇ ಅವಳು ಪೆನ್ನು ಕೆಳಗಿಟ್ಟು, "ಹುಳಕ್ಕೆ ಯಾರಾದ್ರೂ ಮಾನ್ಯರೇ ಅಂತಾರೇನಣ್ಣ?" ಎಂದು ಕೇಳಿದಳು. ಮನುಷ್ಯರನ್ನು ಹಾಗೆ ಕರೆಯಬೇಕಾದರೆ ಅವರು ಏನನ್ನಾದರೂ ಮಾಡಿರಬೇಕೆಂಬ ನಿಯಮವಿಲ್ಲ, ಇವರಾದರೋ ದಿನವೂ ಕೆಲಸ ಮಾಡುತ್ತಾರೆ ಎಂದು ವಿವರಿಸಿದ ಮೇಲೆ ಮುಂದುವರಿಸಲು ಒಪ್ಪಿದಳು.

ಸದರಿ ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ನಾನು ತೋಟಗಾರಿಕೆ ಕಲಿಸುವ ತರಬೇತಿ ಕೇಂದ್ರದ ಹಿತ್ತಲಲ್ಲಿ, ಪಕ್ಕದ ಕಚೇರಿಯ ಕೋರಿಕೆಯ ಮೇರೆಗೆ ಭೂಬಳಕೆ ಸಮಿತಿಯ ಮೂವರ ಸಮ್ಮುಖದಲ್ಲಿ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೆಗೆಯಲಾಯಿತು. ನಮ್ಮದು ದೊಡ್ಡವರಾದ ಮೇಲೆ ಕಣ್ಣು ಕಳೆದುಕೊಂಡವರ ಕೇಂದ್ರ. ಗುಂಡಿಯಲ್ಲಿ ತಮ್ಮ ಪೈಕಿ ಕನಿಷ್ಠ ಹತ್ತು ಮಂದಿ ಸಿಕ್ಕಿದರೆ ಆ ಮಣ್ಣು ಜೀವಂತ, ಹಿತ್ತಲು ಮತ್ತೆ ನಮ್ಮ ತೋಟ. ಸಿಗದಿದ್ದರೆ ಮಣ್ಣು ಸತ್ತಿದೆ, ಹಿತ್ತಲು ಪಕ್ಕದ ಕಚೇರಿಯ ವಾಹನ ನಿಲ್ಲಿಸುವ ಜಾಗ, ಅದೂ ಕಾಯಂ. ಇಷ್ಟು ಮುಖ್ಯವಾದ ಸಭೆಗೆ ತಾವು ಒಬ್ಬರೂ ಬರಲಿಲ್ಲ, ಬರಲಾಗದೆಂದು ಹೇಳಿಯೂ ಕಳುಹಿಸಲಿಲ್ಲ.

ದೂರು ಕೊಡುವವನು ತನ್ನ ಅರ್ಹತೆಯನ್ನೂ ಹೇಳಿಕೊಳ್ಳಬೇಕು. ಕಣ್ಣು ಹೋಗುವ ಮುಂಚೆ ಇಪ್ಪತ್ತೆರಡು ವರ್ಷ ನಾನು ರೋಡ್ ರೋಲರ್ ಓಡಿಸುತ್ತಿದ್ದೆ. ಅಂದರೆ ಮಣ್ಣಿನ ಉಸಿರು ಕಟ್ಟಿಸುವುದಕ್ಕೆ ನನಗೆ ಸಂಬಳ ಬರುತ್ತಿತ್ತು. ಒಳ್ಳೆಯ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಬರಿಯ ಸಂದುಗಳು. ಆ ಸಂದುಗಳಲ್ಲಿ ಗಾಳಿ, ನೀರು, ಬೇರು ಮತ್ತು ತಾವು. ರೋಲರ್ ಚಾಲಕನ ಜಾಣತನವೆಲ್ಲ ಆ ಸಂದುಗಳನ್ನು ಇಲ್ಲವಾಗಿಸುವುದರಲ್ಲಿದೆ. ಒಣ ಮಣ್ಣು ಬಗ್ಗುವುದಿಲ್ಲ, ತೀರಾ ಕೆಸರಾದರೆ ಜಾರಿಕೊಳ್ಳುತ್ತದೆ, ಹದವಾಗಿ ಒದ್ದೆಯಾಗಿರುವಾಗ ಭಾರ ಬಿದ್ದರೆ ಕಲ್ಲಾಗುತ್ತದೆ. ಈ ಹದ ಕೈಗೆ ಹತ್ತಲು ನನಗೆ ನಾಲ್ಕು ವರ್ಷ ಹಿಡಿಯಿತು. ಪಕ್ಕದ ಕಚೇರಿಯವರು ಯಾವ ತರಬೇತಿಯೂ ಇಲ್ಲದೆ, ಮೊದಲ ಪ್ರಯತ್ನದಲ್ಲೇ, ಮಳೆಗಾಲದ ಮೂರನೆಯ ವಾರವನ್ನು ಆರಿಸಿಕೊಂಡು ನಮ್ಮ ಹಿತ್ತಲಿಗೆ ಹದಿನಾಲ್ಕು ಜೀಪು ಮತ್ತು ಎರಡು ಲಾರಿ ತಂದು ನಿಲ್ಲಿಸಿದರು. ಆ ವೃತ್ತಿಯಲ್ಲಿ ಹಿರಿಯನಾದ ನಾನು ಅವರನ್ನು ಮನಸಾರೆ ಅಭಿನಂದಿಸಿದ್ದೇನೆ.

ತಮ್ಮ ಅಂಗಳ ರಿಪೇರಿಯಾಗುವ ತನಕ, ಎರಡೇ ವಾರ, ಎಂದು ಅವರು ಕೇಳಿದ್ದರು. ವಾಹನ ಬರುವ ಮುಂಚೆ ಎರಡು ದಿನ ಹಿತ್ತಲಲ್ಲಿ ಸಲಿಕೆಗಳ ಸದ್ದು ಕೇಳಿಸಿತು. ಏನು ನಡೆಯುತ್ತಿದೆ ಎಂದು ವಿಚಾರಿಸಿದೆ. "ಮೇಲಿನ ಮಣ್ಣು ತುಂಬಾ ಮೆತ್ತಗಿದೆ ಸಾರ್, ಚಕ್ರ ಹೂತ್ಕೊಳ್ಳುತ್ತೆ. ಕಸ ತೆಗೀತಾ ಇದೀವಿ" ಎಂದರು. ತರಗೆಲೆ, ತರಕಾರಿ ಸಿಪ್ಪೆ, ಮೊಟ್ಟೆಯ ಓಡು, ಹರಿದ ಹತ್ತಿ ಬಟ್ಟೆ ಎಲ್ಲವನ್ನೂ ಕೊಳೆಸಿ ಕೊಳೆಸಿ, ತಾವು ಅದನ್ನು ತಿಂದು ತಿಂದು, ಎಷ್ಟೋ ವರ್ಷಕ್ಕೆ ಆಗಿದ್ದ ಒಂದು ಗೇಣು ಮಣ್ಣು ಅದು. ಕಣ್ಣಿಗೆ ಮಣ್ಣೆರಚಿದರು ಎಂದು ದೂರುವ ಅನುಕೂಲವೂ ನಮ್ಮಂಥವರಿಗಿಲ್ಲ. ಎರಡು ವಾರ ಎಂದದ್ದು ಹನ್ನೊಂದು ತಿಂಗಳಾಯಿತು. ಗಿಡ ಬೇರು ಬಿಡದ ನೆಲದಲ್ಲಿ ಜೀಪುಗಳು ಬೇರು ಬಿಟ್ಟವು.

ಒಂದು ಹಿತ್ತಲಿಗೆ ಇಷ್ಟು ರಂಪ ಯಾಕೆ ಎಂದು ತಾವು ಕೇಳಬಹುದು. ಹೊಸದಾಗಿ ಕಣ್ಣು ಹೋದವರು ನಮ್ಮಲ್ಲಿಗೆ ಬಂದರೆ ಮೊದಲ ದಿನ ನಾನು ಬೇರೇನನ್ನೂ ಕಲಿಸುವುದಿಲ್ಲ. ಅವರ ಎರಡೂ ಕೈಗಳನ್ನು ಮಣ್ಣಿನೊಳಗೆ ಇಡಿಸುತ್ತೇನೆ. ಒದ್ದೆ ಮಣ್ಣನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತೀಡಿ ಪಟ್ಟಿಯಂತೆ ಎಳೆಯಲು ಹೇಳುತ್ತೇನೆ. ಸಕ್ಕರೆಯ ಹಾಗೆ ಗರಗರ ಎಂದರೆ ಮರಳು, ಸಾಬೂನಿನ ಹಾಗೆ ಜಾರಿದರೆ ಜೇಡಿ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದ ಬಂದು ತುಂಡಾದರೆ ತರಕಾರಿಗೆ ಹೇಳಿ ಮಾಡಿಸಿದ ಮಣ್ಣು. ಕಣ್ಣಿರುವವರಿಗಿಂತ ಬೇಗ ನಮ್ಮವರು ಇದನ್ನು ಹೇಳುತ್ತಾರೆ, ಮತ್ತು ಸರಿಯಾಗಿ ಹೇಳಿದ ದಿನ ಅವರ ದನಿಯೇ ಬದಲಾಗುತ್ತದೆ. ಒಂಬತ್ತು ವರ್ಷದ ಹಿಂದೆ ನನ್ನ ದನಿ ಬದಲಾದದ್ದೂ ಹಾಗೆಯೇ. ಈಗ ನಾಲ್ಕು ತಿಂಗಳಿಂದ ನಮ್ಮಲ್ಲಿ ಒಬ್ಬರು ಬಡಗಿ ಇದ್ದಾರೆ. ಊಟಕ್ಕೆ ಬನ್ನಿ ಎಂದರೆ ಹೂಂ, ಮಲಗುತ್ತೀರಾ ಎಂದರೆ ಹೂಂ, ಮೊನ್ನೆ ಮೊನ್ನೆಯ ತನಕ ಅಷ್ಟೇ ಮಾತು. ವರಾಂಡದ ಬೆಂಚಿನ ಮೇಲೆ ಕೂತು ಎರಡೂ ಅಂಗೈಗಳಿಂದ ತಮ್ಮ ಮಂಡಿಯನ್ನು ಉಜ್ಜಿಕೊಳ್ಳುತ್ತಿದ್ದರು. ಅವರ ಕೈಗೆ ಕೊಡಲು ನನ್ನ ಬಳಿ ಮಣ್ಣಿರಲಿಲ್ಲ. ಆ ಉಜ್ಜುವ ಸದ್ದು ಕೇಳಿದಾಗಲೆಲ್ಲ ನಾನು ವರಾಂಡ ಬಿಟ್ಟು ಬೇರೆ ಬಾಗಿಲಿನಿಂದ ಹೋಗುತ್ತಿದ್ದೆ, ಇದನ್ನು ಮಾತ್ರ ನಾನು ತಮಾಷೆಗೆ ಹೇಳುತ್ತಿಲ್ಲ.

ತಪಾಸಣೆಯ ದಿನ ಹಾರೆ ನೆಲಕ್ಕೆ ಬಿದ್ದಾಗ ಠಣ್ ಎಂದಿತು. ಒಂದು ಅಡಿ ತೋಡಲು ಕಚೇರಿಯ ಜವಾನರಿಗೆ ಒಂದು ಗಂಟೆ ಹತ್ತು ನಿಮಿಷ ಬೇಕಾಯಿತು. ನೀರು ಇಂಗುತ್ತದೆಯೇ ನೋಡಲು ಒಂದು ತಂಬಿಗೆ ಸುರಿದರೆ, ಅದು ಇಂಗುವ ಯೋಚನೆಯನ್ನೇ ಮಾಡದೆ ನೇರವಾಗಿ ಹೋಗಿ ಸಮಿತಿಯ ಅಧ್ಯಕ್ಷರ ಬೂಟು ಸೇರಿತು. ನಾನೊಂದು ಹೆಂಟೆ ಎತ್ತಿ ಮೂಸಿದೆ. ಬಹಳ ದಿನ ಮುಚ್ಚಿಟ್ಟ ತಗಡಿನ ಡಬ್ಬಿಯ ವಾಸನೆ, ಮೇಲಿಂದ ಎಂಜಿನ್ ಎಣ್ಣೆಯ ಒಗ್ಗರಣೆ. "ಎಷ್ಟಿವೆಯಪ್ಪ?" ಎಂದು ಅಧ್ಯಕ್ಷರು ಕೇಳಿದರು. "ಒಂದೂ ಇಲ್ಲ ಸಾರ್." "ಸರಿಯಾಗಿ ನೋಡು, ಆಮೇಲೆ ನಮ್ಮ ತಲೆ ಮೇಲೆ ಬರಬಾರ್ದು." ಅವರು ಬಹಳ ನ್ಯಾಯವಂತರು. ಎರಡೆರಡು ಸಲ ನೋಡಿಸಿ ಸೊನ್ನೆ ಬರೆಸಿದರು. ಮಣ್ಣು ಗಟ್ಟಿಯಾಗಿರುವುದರಿಂದ ವಾಹನ ನಿಲ್ಲಿಸಲು ಯೋಗ್ಯವೆಂದೂ, ವಾಹನ ನಿಲ್ಲಿಸಿದ್ದರಿಂದಲೇ ಗಟ್ಟಿಯಾಯಿತೆಂಬ ವಾದವು ಪ್ರತ್ಯೇಕ ವಿಷಯವಾದ್ದರಿಂದ ಪ್ರತ್ಯೇಕ ಅರ್ಜಿ ಹಾಕಬೇಕೆಂದೂ ತಿಳಿಸಿದರು.

ಸಹಿಗಾಗಿ ಎಲ್ಲರೂ ಪಕ್ಕದ ಕಚೇರಿಗೆ ಹೊರಟೆವು. ನಮ್ಮ ಜೊತೆ ಹೊಲಿಗೆಯಕ್ಕ ಇದ್ದರು. ಕಣ್ಣು ಹೋಗುವ ತನಕ ಬಟ್ಟೆ ಹೊಲಿಯುತ್ತಿದ್ದವರು, ಈಗ ತೋಟದ ಗೊಬ್ಬರದ ಗುಂಡಿ ಅವರದೇ ಉಸ್ತುವಾರಿ. ಕಚೇರಿಯ ಬಾಗಿಲಿಗೆ ಹೋಗುವ ದಾರಿಯುದ್ದಕ್ಕೂ ದೊಡ್ಡ ದೊಡ್ಡ ಹೂಕುಂಡಗಳ ಸಾಲಿದೆ. ದಾರಿ ತಿಳಿಯಲೆಂದು ಅವುಗಳ ಅಂಚು ಮುಟ್ಟಿಕೊಂಡು ಬರುತ್ತಿದ್ದ ಅಕ್ಕ ಮೂರನೆಯ ಕುಂಡದ ಬಳಿ ನಿಂತುಬಿಟ್ಟರು.

"ಮೇಷ್ಟ್ರೇ, ಸ್ವಲ್ಪ ಇಲ್ಲಿ ಬನ್ನಿ. ಇದು ನಮ್ದು."

"ಏನಕ್ಕ ನಮ್ದು?"

"ಮಣ್ಣು ಕಣ್ರೀ. ಕೈ ಹಾಕಿ ನೋಡಿ."

ನಾನು ಕೈ ಹಾಕಿದೆ. ಮೊಟ್ಟೆಯ ಓಡಿನ ಚೂರು ಬೆರಳಿಗೆ ಸಿಕ್ಕಿತು. ಪಟ್ಟಿ ಎಳೆದೆ, ಒಂದು ಗೆಣ್ಣಿಗೆ ತುಂಡಾಯಿತು. ಅಷ್ಟರಲ್ಲಿ ಅಕ್ಕ ಒಂದು ಅಂಗಿಯ ಗುಂಡಿಯನ್ನೇ ಹೊರಗೆಳೆದು ಅಧ್ಯಕ್ಷರ ಕೈಗಿಟ್ಟು, ಹಳೆ ಅಂಗಿಯನ್ನು ಗೊಬ್ಬರಕ್ಕೆ ಹಾಕುವಾಗ ಗುಂಡಿ ಕತ್ತರಿಸಲು ತಮಗೆ ಸೋಮಾರಿತನ ಎಂದು ಒಪ್ಪಿಕೊಂಡರು. ಜವಾನರು ಆ ಕುಂಡವನ್ನು ಹಳೆಯ ಪೇಪರಿನ ಮೇಲೆ ಬೋರಲು ಹಾಕಿದರು. ತಾವು ಇಪ್ಪತ್ತಮೂರು ಮಂದಿ ಇದ್ದಿರಿ.

ಮಾನ್ಯರೇ, ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು ಎಂಬ ಗಾದೆಯನ್ನು ನಾನು ಕೇಳಿದ್ದೆ. ಹುತ್ತವನ್ನೇ ಗೆದ್ದಲುಗಳ ಸಮೇತ ಹೊತ್ತುಕೊಂಡು ಹೋಗುವ ಹಾವನ್ನು ಕೇಳಿರಲಿಲ್ಲ. ನಾವು ಹನ್ನೊಂದು ತಿಂಗಳು ತಾವು ಸತ್ತಿರೆಂದು ಮರುಗುತ್ತಿದ್ದರೆ, ತಾವು ಕಚೇರಿಯ ನೆರಳಿನಲ್ಲಿ, ಎರಡು ಹೊತ್ತು ನೀರು ಹಾಕಿಸಿಕೊಂಡು, ಸಂಸಾರ ಬೆಳೆಸುತ್ತಿದ್ದಿರಿ. ತಮ್ಮನ್ನು ದೂರುವುದಕ್ಕೆ ಬಾಯಿ ಬರುವುದಿಲ್ಲ. ಬಲವಂತದ ವರ್ಗಾವಣೆ ಎಂದರೆ ಏನೆಂದು ನನಗೂ ಗೊತ್ತು. ಆದರೆ ಒಂದು ಮಾತು ಹೇಳಿ ಕಳುಹಿಸಬಹುದಿತ್ತು.

ಇನ್ನೇನು, ಸತ್ಯ ಬಯಲಾಯಿತು, ತೋಟ ಸಿಕ್ಕಿತು ಎಂದುಕೊಂಡೆವು. ಸಮಿತಿಯ ನಡಾವಳಿ ವಾರದ ನಂತರ ಬಂತು, ತಂಗಿ ಓದಿ ಹೇಳಿದಳು. ಹೂಕುಂಡಗಳ ಮಣ್ಣು ತರಬೇತಿ ಕೇಂದ್ರದ ಜಮೀನಿನದೇ ಎಂದು ದೃಢಪಟ್ಟಿದೆ. ಸದರಿ ಮಣ್ಣನ್ನು ಹನ್ನೊಂದು ತಿಂಗಳ ಕಾಲ ಉಚಿತವಾಗಿ ಸಂರಕ್ಷಿಸಿದ್ದಕ್ಕಾಗಿ ಕಚೇರಿಯನ್ನು ಸಮಿತಿಯು ಶ್ಲಾಘಿಸುತ್ತದೆ. ನಿಗದಿತ ಸಂಖ್ಯೆಗಿಂತ ಹೆಚ್ಚು ಹುಳುಗಳು ಇರುವುದರಿಂದ ಇಪ್ಪತ್ತಾರು ಹೂಕುಂಡಗಳು ಕೃಷಿಗೆ ಯೋಗ್ಯ. ಹಿತ್ತಲು ವಾಹನ ನಿಲುಗಡೆಗೆ ಯೋಗ್ಯ. ಕೇಂದ್ರದ ಹತ್ತೊಂಬತ್ತು ಮಂದಿ ಇನ್ನು ಮುಂದೆ ದಿನಕ್ಕೆರಡು ಬಾರಿ ಬಂದು ಕುಂಡಗಳಿಗೆ ನೀರು ಹಾಕತಕ್ಕದ್ದು, ಅದನ್ನೇ ತೋಟಗಾರಿಕೆ ತರಬೇತಿ ಎಂದು ಪರಿಗಣಿಸಲಾಗುವುದು. ಹೊಲಿಗೆಯಕ್ಕ ಕುಂಡಗಳ ಲೆಕ್ಕವನ್ನು ಇನ್ನೊಮ್ಮೆ ಕೇಳಿಕೊಂಡರು. ಆಮೇಲೆ, "ನಮ್ಮ ಮಗೂನ ಎತ್ಕೊಂಡು ಹೋಗಿ, ನಮ್ಮನ್ನೇ ಆಯಾ ಕೆಲ್ಸಕ್ಕೆ ಇಟ್ಕೊಂಡ್ರು ನೋಡಿ" ಎಂದರು.

ಆದರೆ ಸಮಿತಿಯವರು ಕೆಲಸದಲ್ಲಿ ಅಚ್ಚುಕಟ್ಟು. ಕೊನೆಯ ಪುಟದ ಕೊನೆಯಲ್ಲಿ ಇನ್ನೊಂದು ನಿಯಮವಿತ್ತು. ಕೇಂದ್ರವು ಬಯಸಿದಲ್ಲಿ ತೊಂಬತ್ತು ದಿನಗಳೊಳಗೆ ಒಮ್ಮೆ ಮರುಪರೀಕ್ಷೆ ಮಾಡಲಾಗುವುದು; ಅದು ಅದೇ ಗುಂಡಿಯಲ್ಲಿ, ಅದೇ ಅಳತೆಯಲ್ಲಿ, ಸದರಿ ಜಮೀನಿನ ಮಣ್ಣಿನಲ್ಲಿಯೇ ನಡೆಯತಕ್ಕದ್ದು; ಅಲ್ಲಿಯವರೆಗೆ ಗುಂಡಿಗೆ ಚಕ್ರ ತಾಗದಂತೆ ಸುತ್ತ ಕಲ್ಲು ನೆಡತಕ್ಕದ್ದು. ತಂಗಿಗೆ ಇದನ್ನು ಮೂರು ಸಲ ಓದಿಸಿದೆ. ಮೂರು ಸಲವೂ ಅದೇ ಇತ್ತು.

ಮರುದಿನದಿಂದಲೇ ತರಬೇತಿ ಶುರುವಾಯಿತು. ಹತ್ತೊಂಬತ್ತು ಮಂದಿ ನೀರು ಹಾಕಲು ಹೋಗಿ, ಬರುವಾಗ ತಲಾ ಒಂದು ಹಿಡಿ ಮಣ್ಣನ್ನು ಜೇಬಿನಲ್ಲಿ, ಸೆರಗಿನಲ್ಲಿ, ಊಟದ ಡಬ್ಬಿಯಲ್ಲಿ ತಂದೆವು. ಮಣ್ಣು ನಮ್ಮದೆಂದು ಸಮಿತಿಯೇ ಮುದ್ರೆ ಒತ್ತಿ ಹೇಳಿರುವುದರಿಂದ ಇದು ಕಳ್ಳತನವಲ್ಲ. ಆದರೂ ಪರರ ಕುಂಡ ಬರಿದಾಗಬಾರದೆಂದು, ತಂದಷ್ಟಕ್ಕೆ ಬದಲಾಗಿ ಗುಂಡಿಯ ಪಕ್ಕ ಬಿದ್ದಿದ್ದ ಹೆಂಟೆಗಳನ್ನು ಪುಡಿಮಾಡಿ ಅಲ್ಲಿ ತುಂಬಿದ್ದೇವೆ. ಬಾಗಿಲಿನ ಕಾವಲುಗಾರರು ಎಲ್ಲವನ್ನೂ ನೋಡುತ್ತಿದ್ದರು. ಮೂರನೆಯ ದಿನ, "ಈ ಡಬ್ಬಿ ಚಿಕ್ಕದಾಯ್ತು, ಬಕೆಟ್ ಕೊಡ್ಲಾ?" ಎಂದು ಕೇಳಿದರು.

ಎಂಟನೆಯ ದಿನ ಗುಂಡಿ ತುಂಬುತ್ತ ಬಂದಾಗ ನಾನು ಬಡಗಿಯವರನ್ನು ಬೆಂಚಿನಿಂದ ಎಬ್ಬಿಸಿ, ಕೈಹಿಡಿದು ಕರೆದುಕೊಂಡು ಹೋಗಿ ಅಂಚಿನಲ್ಲಿ ಕೂರಿಸಿದೆ. ಅವರು ಮೊದಲು ಗುಂಡಿಯ ನಾಲ್ಕು ಬದಿಯನ್ನೂ ಅಂಗೈಯಿಂದ ಸವರಿದರು. "ಈ ಮೂಲೆ ಸೊಟ್ಟಗಿದೆ. ಯಾರ್ರೀ ತೋಡಿದ್ದು ಇದನ್ನ?" ಎಂದರು. ನಾಲ್ಕು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು, ಮತ್ತು ಅದರಲ್ಲಿ ಸಾಕಷ್ಟು ಸಿಟ್ಟಿತ್ತು. ಆಮೇಲೆ ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಮಣ್ಣಿನೊಳಗೆ ಬಿಟ್ಟರು. ತಮ್ಮಲ್ಲಿ ಯಾರೋ ಒಬ್ಬರು ಅವರ ಬೆರಳಿನ ಮೇಲಿಂದ ದಾಟಿರಬೇಕು. "ಏನೋ ಹರೀತಾ ಇದೆ" ಎಂದರು. ತೆಗೆಯಲೇ ಎಂದು ಕೇಳಿದೆ. "ಬೇಡ ಬಿಡಿ, ಅದು ಹೋಗೋ ತನಕ ಕೂತಿರ್ತೀನಿ" ಎಂದರು. ನಾನೂ ಅವರ ಪಕ್ಕದಲ್ಲಿ ಕೂತೆ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಮರುಪರೀಕ್ಷೆಯ ದಿನ ಹಾರೆಯ ಸದ್ದಿಗೆ ಹೆದರಿ ಆಳಕ್ಕೆ ಇಳಿಯಬೇಡಿ. ಹತ್ತು ಮಂದಿ ಸಾಲುತ್ತದೆ, ಆದರೆ ಅಧ್ಯಕ್ಷರು ಎರಡೆರಡು ಸಲ ಎಣಿಸುವವರಾದ್ದರಿಂದ ಹದಿನೈದು ಮಂದಿ ಬಂದರೆ ಒಳ್ಳೆಯದು. ಮಳೆ ಇನ್ನೂ ಹಿಡಿಯದಿರುವುದರಿಂದ ಒದ್ದೆ ಗೋಣಿಚೀಲ ಹೊದಿಸಿದ್ದೇವೆ, ಮೇಲೆ ತರಗೆಲೆಯಿದೆ, ಊಟಕ್ಕೆ ಕೊರತೆಯಿಲ್ಲ. ಬಿಡುವಾದಾಗ ಗುಂಡಿಯ ಗೋಡೆಯನ್ನು ದಾಟಿ ಆಚೆಯ ಗಟ್ಟಿ ನೆಲದ ಕಡೆಗೂ ದಿನಕ್ಕೆ ಒಂದು ಬೆರಳಿನಷ್ಟು ದಾರಿ ಕೊರೆಯಿರಿ. ಲಾರಿ ನಿಲ್ಲುವ ಜಾಗವನ್ನು ಕೊನೆಗೆ ಇಟ್ಟುಕೊಳ್ಳಿ, ಅದು ನಾನೇ ರೋಲರ್ ಹೊಡೆದಷ್ಟು ಚೆನ್ನಾಗಿ ಕೂತಿದೆ. ಹೀಗೆ ಕೊರೆದರೆ ಇಡೀ ಹಿತ್ತಲು ಸಡಿಲಾಗಲು ಎಷ್ಟು ವರ್ಷ ಬೇಕೆಂದು ಲೆಕ್ಕ ಹಾಕಲು ಹೊಲಿಗೆಯಕ್ಕ ಬಿಡಲಿಲ್ಲ. ನಾವು ಗುದ್ದಲಿ ಹಿಡಿದು ಮೇಲಿನಿಂದ ಬರುತ್ತೇವೆ, ತಾವು ಕೆಳಗಿನಿಂದ ಬನ್ನಿ.

ತಮ್ಮ ಆಗಮನವನ್ನು ಕೈಯಿಟ್ಟು ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಹಿಂದೆ ರೋಲರ್ ಓಡಿಸುತ್ತಿದ್ದ, ಈಗಿನ ತೋಟಗಾರಿಕೆ ಮೇಷ್ಟ್ರು

ಮರೆತ ಮಾತು: ಇಷ್ಟನ್ನೆಲ್ಲ ಬಹಿರಂಗವಾಗಿ ಬರೆಸಿದರೆ ಸಮಿತಿಯವರಿಗೆ ತಿಳಿದುಹೋಗುವುದಿಲ್ಲವೇ ಎಂದು ನನ್ನ ತಂಗಿಗೆ ದಿಗಿಲು. ತಾವು ದಿಗಿಲುಪಡಬೇಡಿ. ಇದರ ಒಂದು ಪ್ರತಿಯನ್ನು ಅಧ್ಯಕ್ಷರ ಮೇಜಿಗೇ ತಲುಪಿಸಿ, ಸ್ವೀಕರಿಸಲಾಗಿದೆ ಎಂಬ ಮುದ್ರೆ ಹಾಕಿಸಿಕೊಂಡು ಬಂದಿದ್ದೇವೆ. ಹನ್ನೊಂದು ತಿಂಗಳಲ್ಲಿ ಅದೇ ಮೇಜಿಗೆ ಒಂಬತ್ತು ಮನವಿ ಕೊಟ್ಟಿದ್ದೆವು. ಆ ಕಚೇರಿಯಲ್ಲಿ ಎಲ್ಲರಿಗೂ ಕಣ್ಣಿದೆ. ಒಂದನ್ನೂ ಯಾರೂ ಓದಿಲ್ಲ.